ಗುರುದ್ವಾರದ ಶಿಷ್ಟಾಚಾರ

ಗುರುದ್ವಾರದ ಶಿಷ್ಟಾಚಾರವು ಸಿಖ್ಖರ ಆರಾಧನಾ ಮಂದಿರವಾದ ಗುರುದ್ವಾರವನ್ನು ಪ್ರವೇಶಿಸುವವರು ಉಡುಪು ಮತ್ತು ನಡವಳಿಕೆಗಳಲ್ಲಿ ಪಾಲಿಸುವ ಮರ್ಯಾದೆಗಳ ಸಮೂಹವಾಗಿದೆ. ತಲೆಯನ್ನು ವಸ್ತ್ರದಿಂದ ಮುಚ್ಚಿಕೊಳ್ಳುವುದು, ಪಾದರಕ್ಷೆಗಳನ್ನು ಹೊರಗೆ ಬಿಡುವುದು, ತಂಬಾಕು ಮತ್ತು ಮದ್ಯವನ್ನು ಒಳಗೆ ತರದಿರುವುದು, ಎಲ್ಲರೊಡನೆ ನೆಲದ ಮೇಲೆ ಕುಳಿತುಕೊಳ್ಳುವುದು ಇವುಗಳಲ್ಲಿ ಮುಖ್ಯವಾದವು. ಯಾವುದೇ ಮತ, ಜಾತಿ ಅಥವಾ ದೇಶಕ್ಕೆ ಸೇರಿದ ಸ್ತ್ರೀಪುರುಷರಿಗೆ ಗುರುದ್ವಾರಕ್ಕೆ ಪ್ರವೇಶವಿದೆ. ಈ ಮರ್ಯಾದೆಗಳು ಸಿಖ್ಖರಿಗೂ ಇತರರಿಗೂ ಸಮಾನವಾಗಿ ಅನ್ವಯಿಸುತ್ತವೆ. ಕರ್ನಾಟಕದಲ್ಲಿ ಬೀದರಿನ ಗುರುದ್ವಾರ ಶ್ರೀ ನಾನಕ್ ಝೀರಾ ಸಾಹಿಬ್ ಅತ್ಯಂತ ಪ್ರಸಿದ್ಧವಾದ ಸಿಖ್ ಕ್ಷೇತ್ರವಾಗಿದ್ದು, ಸಿಖ್ಖರಲ್ಲದ ಕನ್ನಡಿಗರೂ ಅಲ್ಲಿಗೆ ಭೇಟಿ ನೀಡುತ್ತಾರೆ.

ಹಿನ್ನೆಲೆ

'ಗುರುದ್ವಾರ' ಎಂಬ ಪದಕ್ಕೆ 'ಗುರುವಿನ ಬಾಗಿಲು' ಎಂದರ್ಥ. ಇಲ್ಲಿ ಪೂಜಿಸಲ್ಪಡುವ ವಿಗ್ರಹವಿಲ್ಲ. ಗುರು ಗ್ರಂಥ ಸಾಹಿಬ್ ಎಂಬ ಪವಿತ್ರ ಗ್ರಂಥವು ಕೇಂದ್ರಸ್ಥಾನದಲ್ಲಿರುತ್ತದೆ. ಐದನೆಯ ಗುರು ಅರ್ಜನ್ ದೇವ್ ಅವರು 1604ರಲ್ಲಿ ಸಂಕಲಿಸಿದ ಆದಿ ಗ್ರಂಥವೇ ಇದರ ಮೂಲರೂಪ. ಹತ್ತನೆಯ ಗುರು ಗೋಬಿಂದ್ ಸಿಂಗ್ ಅವರು 1708ರಲ್ಲಿ ನಾಂದೇಡಿನಲ್ಲಿ ದೇಹತ್ಯಾಗಕ್ಕೆ ಮುನ್ನ, ತಮ್ಮ ನಂತರ ಮಾನವ ಗುರುಗಳ ಪರಂಪರೆ ಮುಂದುವರಿಯದೆ ಗ್ರಂಥವೇ ಗುರುವಾಗಿರಬೇಕೆಂದು ವಿಧಿಸಿದರು ಎಂಬುದು ಸಿಖ್ ಪರಂಪರೆಯ ನಂಬಿಕೆ. ಇಂದು ಮುದ್ರಿತವಾಗುವ ಪ್ರತಿಗಳು 1430 ಪುಟಗಳನ್ನು ಹೊಂದಿದ್ದು, ಪುಟವನ್ನು 'ಅಂಗ' ಎಂದು ಕರೆಯುವುದು ವಾಡಿಕೆ. ಗ್ರಂಥವನ್ನು ಜೀವಂತ ಗುರುವಿನ ದೇಹವಾಗಿ ಭಾವಿಸುವುದೇ ಈ ಹೆಸರಿಗೆ ಕಾರಣ.

ಗುರುದ್ವಾರದ ಬಹುತೇಕ ನಿಯಮಗಳು ಈ ಒಂದು ಭಾವನೆಯಿಂದ ಹೊರಟಿವೆ. ಗ್ರಂಥವನ್ನು ಎತ್ತರದ ಪೀಠದ ಮೇಲೆ ಇರಿಸಿ, ಮೇಲೆ ಮೇಲ್ಕಟ್ಟು ಕಟ್ಟಿ, ರುಮಾಲಾ ಎಂಬ ಅಲಂಕೃತ ವಸ್ತ್ರವನ್ನು ಹೊದಿಸಲಾಗುತ್ತದೆ. ಪಕ್ಕದಲ್ಲಿ ಸೇವಕರು ಚಾಮರ ಬೀಸುತ್ತಾರೆ. ಬೆಳಗಿನ ಜಾವ ಗ್ರಂಥವನ್ನು ತೆರೆಯುವ ವಿಧಿಗೆ 'ಪ್ರಕಾಶ್' ಎಂದೂ ರಾತ್ರಿ ಅದನ್ನು ವಿಶ್ರಾಂತಿಗೆ ಕೊಂಡೊಯ್ಯುವ ವಿಧಿಗೆ 'ಸುಖಾಸನ್' ಎಂದೂ ಹೆಸರು. ಗ್ರಂಥವಿರುವ ಸಭಾಂಗಣವನ್ನು 'ದರ್ಬಾರ್' ಎನ್ನುತ್ತಾರೆ. ರಾಜಸಭೆಯಲ್ಲಿ ಹಿರಿಯರ ಮುಂದೆ ನಡೆದುಕೊಳ್ಳುವ ರೀತಿಯಲ್ಲಿಯೇ ಇಲ್ಲಿಯೂ ನಡೆದುಕೊಳ್ಳಬೇಕೆಂಬುದು ಶಿಷ್ಟಾಚಾರದ ಮೊದಲ ತತ್ತ್ವ. ಗುರುವಿನ ಮುಂದೆ ಉಳಿದವರೆಲ್ಲರೂ ಸಮಾನರು ಎಂಬುದು ಎರಡನೆಯ ತತ್ತ್ವ.

ಈ ಆಚರಣೆಗಳನ್ನು 'ಸಿಖ್ ರಹತ್ ಮರ್ಯಾದಾ' ಎಂಬ ನಿಯಮಾವಳಿ ಕ್ರೋಡೀಕರಿಸಿದೆ. ಅಮೃತಸರದ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಯು ಇದನ್ನು 1945ರಲ್ಲಿ ಅಂಗೀಕರಿಸಿತು.

ಉಡುಪು

ತಲೆವಸ್ತ್ರ: ಗುರುದ್ವಾರದ ಆವರಣವನ್ನು ಪ್ರವೇಶಿಸುವ ಸ್ತ್ರೀಪುರುಷರೆಲ್ಲರೂ ತಲೆಯನ್ನು ಮುಚ್ಚಿಕೊಳ್ಳಬೇಕು. ಮಕ್ಕಳಿಗೂ ಈ ರೂಢಿ ಅನ್ವಯಿಸುತ್ತದೆ. ಪೇಟ ಧರಿಸದ ಪುರುಷರು ಚೌಕಾಕಾರದ ವಸ್ತ್ರವನ್ನು ಹಣೆಯ ಮೇಲಿಂದ ತಂದು ಹಿಂದಲೆಯಲ್ಲಿ ಗಂಟು ಹಾಕಿಕೊಳ್ಳುತ್ತಾರೆ. ಮಹಿಳೆಯರು ದುಪಟ್ಟಾ, ಶಾಲು ಅಥವಾ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡರೆ ಸಾಕು. ಜಾರುವ ರೇಷ್ಮೆ ಸೆರಗಿಗಿಂತ ಹತ್ತಿಯ ವಸ್ತ್ರ ಅನುಕೂಲಕರ. ಏಕೆಂದರೆ ಊಟದ ಸಮಯವೂ ಸೇರಿದಂತೆ ಆವರಣದಲ್ಲಿರುವಷ್ಟು ಹೊತ್ತೂ ತಲೆ ಮುಚ್ಚಿರಬೇಕು. ಬಿಸಿಲಿಗೆ ಧರಿಸುವ ಟೋಪಿ, ಕ್ರಿಕೆಟ್ ಟೋಪಿಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ವಸ್ತ್ರ ತಾರದವರಿಗಾಗಿ ಅನೇಕ ಗುರುದ್ವಾರಗಳ ಪ್ರವೇಶದ್ವಾರದಲ್ಲಿ ಬಟ್ಟೆಗಳನ್ನು ಇರಿಸಿರುತ್ತಾರೆ. ಬಳಸಿದ ನಂತರ ಅವನ್ನು ಅಲ್ಲಿಯೇ ಮರಳಿ ಇಡಬೇಕು. ತಲೆ ಮುಚ್ಚಿಕೊಳ್ಳುವುದು ಕಡ್ಡಾಯವಾದರೂ ಸ್ತ್ರೀಯರು ಮುಖವನ್ನು ಪರದೆಯಿಂದ ಮರೆಮಾಡಿಕೊಳ್ಳುವುದನ್ನು ಸಿಖ್ ನಿಯಮಾವಳಿ ಅನುಮೋದಿಸುವುದಿಲ್ಲ.

ಪಾದರಕ್ಷೆ: ಪಾದರಕ್ಷೆಗಳನ್ನು ದ್ವಾರದ ಬಳಿಯ 'ಜೋಡಾ ಘರ್' ಎಂಬ ಕೊಠಡಿಯಲ್ಲಿ ಬಿಡಲಾಗುತ್ತದೆ. ಪಾದಗಳಲ್ಲಿ ಕೊಳೆಯಿದ್ದರೆ ತೊಳೆದುಕೊಳ್ಳಬೇಕು. ಕೆಲವು ದೊಡ್ಡ ಗುರುದ್ವಾರಗಳಲ್ಲಿ ಬಾಗಿಲಿನ ಮುಂದೆಯೇ ನೀರು ಹರಿಯುವ ಸಣ್ಣ ತೊಟ್ಟಿಯನ್ನು ನಿರ್ಮಿಸಿರುತ್ತಾರೆ. ಭಕ್ತರ ಪಾದರಕ್ಷೆಗಳನ್ನು ಕಾಯುವುದು ಮತ್ತು ಒರೆಸುವುದು ಸಿಖ್ಖರಲ್ಲಿ ಗೌರವದ ಸೇವೆ. ಶ್ರೀಮಂತರೂ ಅಧಿಕಾರಿಗಳೂ ಈ ಕೆಲಸಕ್ಕೆ ನಿಲ್ಲುವುದುಂಟು.

ಉಡುಗೆ: ಇಂಥದೇ ಉಡುಗೆಯಾಗಬೇಕೆಂಬ ನಿರ್ಬಂಧವಿಲ್ಲ. ಭುಜ ಮತ್ತು ಕಾಲುಗಳನ್ನು ಮುಚ್ಚುವ, ನೆಲದ ಮೇಲೆ ಕೂರಲು ಅನುಕೂಲವಾದ ಸಭ್ಯ ಉಡುಪು ಸೂಕ್ತ. ಸೀರೆ, ಚೂಡಿದಾರ, ಪಂಚೆ, ಪ್ಯಾಂಟುಗಳಲ್ಲಿ ಯಾವುದನ್ನಾದರೂ ಧರಿಸಬಹುದು. ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿಕೊಳ್ಳದೆ ಪಾದದವರೆಗೆ ಇಳಿಬಿಡುವುದು ಉಚಿತ.

ನಿಷಿದ್ಧ ವಸ್ತುಗಳು

ತಂಬಾಕು, ಮದ್ಯ ಮತ್ತು ಇತರ ಮಾದಕ ವಸ್ತುಗಳನ್ನು ಸೇವಿಸಿ ಬರುವುದೂ ಜೇಬಿನಲ್ಲಿ ಇರಿಸಿಕೊಂಡು ಬರುವುದೂ ನಿಷಿದ್ಧ. ಖಾಲ್ಸಾ ದೀಕ್ಷೆ ಪಡೆದವರು ತ್ಯಜಿಸಬೇಕಾದ ನಾಲ್ಕು ಮುಖ್ಯ ದೋಷಗಳಲ್ಲಿ ತಂಬಾಕಿನ ಬಳಕೆಯೂ ಒಂದಾಗಿರುವುದರಿಂದ ಈ ನಿಷೇಧ ಬಹಳ ಕಟ್ಟುನಿಟ್ಟಾದುದು. ಬೀಡಿ, ಸಿಗರೇಟು, ಗುಟ್ಕಾಗಳಂತೆಯೇ ಎಲೆಯಡಿಕೆಯೊಡನೆ ಹಾಕಿಕೊಳ್ಳುವ ಹೊಗೆಸೊಪ್ಪು ಮತ್ತು ಕಡ್ಡಿಪುಡಿಯೂ ಇದರಲ್ಲಿ ಸೇರುತ್ತವೆ. ಎಲೆಯಡಿಕೆಯ ಸಂಚಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳುವ ಅಭ್ಯಾಸವಿರುವ ಮಲೆನಾಡಿನ ಹಿರಿಯರು ಅದನ್ನು ವಾಹನದಲ್ಲಿಯೇ ಬಿಟ್ಟು ಬರುವುದು ಒಳಿತು.

ದೀಕ್ಷಿತ ಸಿಖ್ಖರು ಧರಿಸುವ ಕಿರ್ಪಾನ್ ಎಂಬ ಕಿರುಗತ್ತಿಯನ್ನು ಕಂಡು ಹೊಸಬರು ಗಾಬರಿಯಾಗಬೇಕಿಲ್ಲ. ಅದು ಅವರ ಐದು ಧಾರ್ಮಿಕ ಲಾಂಛನಗಳಲ್ಲಿ ಒಂದು. ಕಿರ್ಪಾನ್ ಧರಿಸುವುದು ಸಿಖ್ ಧರ್ಮಾಚರಣೆಯ ಭಾಗವೆಂದು ಭಾರತದ ಸಂವಿಧಾನದ 25ನೆಯ ವಿಧಿಯ ವಿವರಣೆಯಲ್ಲಿ ಸ್ಪಷ್ಟವಾಗಿ ಹೇಳಲಾಗಿದೆ.

ದರ್ಬಾರಿನಲ್ಲಿ ನಡವಳಿಕೆ

ಒಳಬಂದವರು ಶಾಂತವಾಗಿ ಗ್ರಂಥದ ಸನ್ನಿಧಿಗೆ ನಡೆದು, ಮೊಣಕಾಲೂರಿ ಹಣೆಯನ್ನು ನೆಲಕ್ಕೆ ತಾಗಿಸಿ ನಮಸ್ಕರಿಸುತ್ತಾರೆ. ಇದನ್ನು 'ಮಥಾ ಟೇಕ್‌ನಾ' ಎನ್ನುತ್ತಾರೆ. ಅನ್ಯಮತೀಯರು ಕೈಮುಗಿದು ತಲೆಬಾಗಿದರೂ ಸಾಕು. ಕಾಣಿಕೆ ಹಾಕುವುದು ಐಚ್ಛಿಕ. ಹಣವನ್ನು ಮುಂದಿರುವ 'ಗೋಲಕ್' ಎಂಬ ಪೆಟ್ಟಿಗೆಯಲ್ಲಿ ಹಾಕುತ್ತಾರೆ; ಗೋಧಿಹಿಟ್ಟು, ಬೇಳೆ, ತುಪ್ಪ, ಹಾಲು ಮುಂತಾದ ಪದಾರ್ಥಗಳನ್ನು ಅಡುಗೆಮನೆಗೆ ನೀಡುವುದೂ ಉಂಟು.

ಪ್ರದಕ್ಷಿಣೆ ಬರುವವರು ಗ್ರಂಥವು ತಮ್ಮ ಬಲಕ್ಕೆ ಇರುವಂತೆ ಸುತ್ತುತ್ತಾರೆ. ಅನಂತರ ತೆರವಿರುವ ಕಡೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಗ್ರಂಥದತ್ತ ಕಾಲು ಚಾಚುವುದು ಅಥವಾ ಅದಕ್ಕೆ ಬೆನ್ನು ತಿರುಗಿಸಿ ಕೂರುವುದು ಅಗೌರವವೆನಿಸುತ್ತದೆ. ಸಭೆಯ ನಡುವೆ ಯಾರಿಗೂ ಪ್ರತ್ಯೇಕ ಆಸನ, ದಿಂಬು ಅಥವಾ ಕುರ್ಚಿ ಹಾಕಿಸಿಕೊಡುವ ಪದ್ಧತಿಯಿಲ್ಲ. ನೆಲದ ಮೇಲೆ ಕೂರಲಾಗದ ವೃದ್ಧರಿಗೆ ಮತ್ತು ರೋಗಿಗಳಿಗೆ ಅನೇಕ ಕಡೆ ಹಿಂಬದಿಯಲ್ಲಿ ಅಥವಾ ಗೋಡೆಯ ಬದಿಯಲ್ಲಿ ವ್ಯವಸ್ಥೆ ಇರುತ್ತದೆ.

ರಾಗಿಗಳು ಎಂದು ಕರೆಯಲ್ಪಡುವ ಗಾಯಕರು ಹಾರ್ಮೋನಿಯಂ ಮತ್ತು ತಬಲಾಗಳೊಂದಿಗೆ ಕೀರ್ತನೆ ಹಾಡುವಾಗ ಮಾತನಾಡಬಾರದು. ಚಪ್ಪಾಳೆ ತಟ್ಟುವ ರೂಢಿಯೂ ಇಲ್ಲ. ಮೊಬೈಲ್ ದೂರವಾಣಿಯನ್ನು ನಿಶ್ಶಬ್ದವಾಗಿಡಬೇಕು. 'ಅರ್ದಾಸ್' ಎಂಬ ಸಾಮೂಹಿಕ ಪ್ರಾರ್ಥನೆಯ ಸಮಯದಲ್ಲಿ ಎಲ್ಲರೂ ಕೈಮುಗಿದು ಎದ್ದು ನಿಲ್ಲುತ್ತಾರೆ. ಆಗ ಹೊರನಡೆಯುವುದು ಉಚಿತವಲ್ಲ. ಅರ್ದಾಸ್ ಮುಗಿದ ಮೇಲೆ ಗ್ರಂಥವನ್ನು ತೆರೆದು, ದೊರೆತ ಪುಟದ ವಾಕ್ಯವನ್ನು ಓದುತ್ತಾರೆ. ಇದಕ್ಕೆ 'ಹುಕಂನಾಮಾ' ಎಂದು ಹೆಸರು. ಆ ದಿನಕ್ಕೆ ಗುರುವಿನ ಆಜ್ಞೆಯೆಂದು ಇದನ್ನು ಭಾವಿಸಲಾಗುತ್ತದೆ. ಛಾಯಾಚಿತ್ರ ತೆಗೆಯುವ ಮುನ್ನ ಅನುಮತಿ ಕೇಳುವುದು ಅಗತ್ಯ. ಅಮೃತಸರದ ಹರಿಮಂದಿರ ಸಾಹಿಬಿನ ಒಳಗೆ ಛಾಯಾಗ್ರಹಣ ನಿಷಿದ್ಧ.

ಕಡಾ ಪ್ರಸಾದ

ಗೋಧಿಹಿಟ್ಟು, ತುಪ್ಪ ಮತ್ತು ಸಕ್ಕರೆಯನ್ನು ಸಮಪ್ರಮಾಣದಲ್ಲಿ ಬಳಸಿ ತಯಾರಿಸುವ ಸಿಹಿಯೇ ಕಡಾ ಪ್ರಸಾದ. ಕನ್ನಡಿಗರಿಗೆ ಇದು ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯವನ್ನು ನೆನಪಿಸುತ್ತದೆ. ಅಲ್ಲಿ ರವೆ, ಇಲ್ಲಿ ಹಿಟ್ಟು. ಕುಳಿತಲ್ಲಿಯೇ ಎರಡೂ ಕೈಗಳನ್ನು ಬೊಗಸೆಯಾಗಿ ಒಡ್ಡಿ ಇದನ್ನು ಸ್ವೀಕರಿಸಬೇಕು. ಬಲಗೈಯೊಂದನ್ನೇ ಚಾಚುವ ಅಭ್ಯಾಸವುಳ್ಳವರು ಇದನ್ನು ಗಮನಿಸಬೇಕು. ವಿತರಕರು ಶ್ರೀಮಂತ-ಬಡವ, ಪರಿಚಿತ-ಅಪರಿಚಿತ ಎಂಬ ಭೇದವಿಲ್ಲದೆ ಹಂಚಬೇಕೆಂಬುದು ನಿಯಮ. ಮಧುಮೇಹಿಗಳು ಸ್ವಲ್ಪವೇ ಸಾಕೆಂದು ಕೇಳಿ ಪಡೆಯಬಹುದು; ಪಡೆದುದನ್ನು ಎಸೆಯಬಾರದು.

ಲಂಗರ್

ಲಂಗರ್ ಎಂದರೆ ಸಾಮೂಹಿಕ ಅಡುಗೆಮನೆ ಮತ್ತು ಅಲ್ಲಿ ನಡೆಯುವ ಉಚಿತ ಭೋಜನ. ಊಟ ಸಸ್ಯಾಹಾರವಾಗಿದ್ದು, ಸಾಲಾಗಿ ನೆಲದ ಮೇಲೆ ಕುಳಿತು ಮಾಡಲಾಗುತ್ತದೆ. ಈ ಸಾಲಿಗೆ 'ಪಂಗತ್' ಎನ್ನುತ್ತಾರೆ. ಸಂಸ್ಕೃತದ 'ಪಂಕ್ತಿ'ಯಿಂದ ಬಂದ ಈ ಪದದ ಸೋದರ ಕನ್ನಡದ 'ಪಂಕ್ತಿಭೋಜನ'ದಲ್ಲಿಯೂ ಇದೆ. ಆದರೆ ಕನ್ನಡ ನಾಡಿನಲ್ಲಿ ಜಾತಿಗೊಂದು ಸಾಲು ಎಂಬ ಪಂಕ್ತಿಭೇದವೂ ಬಹುಕಾಲ ನಡೆದುಬಂದು, ವಿವಾದಕ್ಕೂ ಹೋರಾಟಕ್ಕೂ ಕಾರಣವಾಗಿದೆ. ಪಂಗತ್ ಅಂಥ ಭೇದವನ್ನು ಒಡೆಯಲೆಂದೇ ರೂಪುಗೊಂಡ ಸಾಲು. ಮೂರನೆಯ ಗುರು ಅಮರ್ ದಾಸ್ ಅವರನ್ನು ಕಾಣಬಯಸುವವರು ಮೊದಲು ಪಂಗತ್‌ನಲ್ಲಿ ಕುಳಿತು ಉಣ್ಣಬೇಕಿತ್ತೆಂದೂ ಚಕ್ರವರ್ತಿ ಅಕ್ಬರನೂ ಹಾಗೆಯೇ ಉಂಡನೆಂದೂ ಸಿಖ್ ಪರಂಪರೆ ಹೇಳುತ್ತದೆ.

ಊಟಕ್ಕೆ ಕುಳಿತವರು ತಟ್ಟೆಯನ್ನು ತಾವೇ ತೆಗೆದುಕೊಂಡು ಸಾಲಿನಲ್ಲಿ ತೆರವಾದ ಮುಂದಿನ ಸ್ಥಳದಲ್ಲಿ ಕೂರಬೇಕು. ಪರಿಚಿತರ ಪಕ್ಕಕ್ಕಾಗಿ ಜಾಗ ಹಿಡಿಯುವುದು ಪದ್ಧತಿಯಲ್ಲ. ರೊಟ್ಟಿಯನ್ನು 'ಪ್ರಶಾದಾ' ಎಂದು ಕರೆಯುತ್ತಾರೆ. ಅದನ್ನೂ ಎರಡು ಕೈಗಳಿಂದ ಸ್ವೀಕರಿಸಬೇಕು. ಎಷ್ಟು ಬಾರಿ ಬೇಕಾದರೂ ಬಡಿಸಿಕೊಳ್ಳಬಹುದು, ಆದರೆ ತಟ್ಟೆಯಲ್ಲಿ ಬಿಡಬಾರದು. ಊಟದ ಬಳಿಕ ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು, ಬಡಿಸುವುದು ಮುಂತಾದ ಸೇವೆಯಲ್ಲಿ ಯಾರು ಬೇಕಾದರೂ ಪಾಲ್ಗೊಳ್ಳಬಹುದು.

ನೆಲದ ಮೇಲೆ ಕುಳಿತು ಉಣ್ಣುವ ವಿಷಯ ವಿದೇಶಗಳಲ್ಲಿ ವಿವಾದಕ್ಕೂ ಒಳಗಾಗಿದೆ. ಕೆನಡಾದ ಕೆಲವು ಗುರುದ್ವಾರಗಳು ಮೇಜು-ಕುರ್ಚಿಗಳನ್ನು ಬಳಸಲಾರಂಭಿಸಿದಾಗ ತೀವ್ರ ಭಿನ್ನಾಭಿಪ್ರಾಯ ಉಂಟಾಯಿತು. ಲಂಗರನ್ನು ನೆಲದ ಮೇಲೆ ಕುಳಿತೇ ಸ್ವೀಕರಿಸಬೇಕೆಂದು ಅಕಾಲ್ ತಖ್ತ್ 1998ರಲ್ಲಿ ಆದೇಶಿಸಿತು.

ದೇವಾಲಯದ ರೂಢಿಗಳೊಂದಿಗೆ ಹೋಲಿಕೆ

ಪಾದರಕ್ಷೆ ಬಿಡುವುದು, ಪ್ರದಕ್ಷಿಣೆ, ಪ್ರಸಾದ ಸ್ವೀಕಾರಗಳಲ್ಲಿ ಗುರುದ್ವಾರಕ್ಕೂ ಕರ್ನಾಟಕದ ದೇವಾಲಯಗಳಿಗೂ ಸಾಮ್ಯವಿದೆ. ವ್ಯತ್ಯಾಸಗಳೂ ಇವೆ. ಕರಾವಳಿಯ ಹಲವು ದೇವಾಲಯಗಳಲ್ಲಿ ಪುರುಷರು ಅಂಗಿ ತೆಗೆದು ಒಳಹೋಗುವುದು ಗೌರವಸೂಚಕವಾದರೆ, ಗುರುದ್ವಾರದಲ್ಲಿ ತಲೆಯನ್ನೂ ಮುಚ್ಚಿಕೊಳ್ಳುವುದು ಗೌರವಸೂಚಕ. ತೆಂಗಿನಕಾಯಿ ಒಡೆಯುವುದು, ಗಂಟೆ ಬಾರಿಸುವುದು, ಕರ್ಪೂರ ಹಚ್ಚುವುದು ಗುರುದ್ವಾರದಲ್ಲಿ ಇಲ್ಲ. ಹೆಸರು, ಗೋತ್ರ, ನಕ್ಷತ್ರ ಹೇಳಿ ಅರ್ಚನೆ ಮಾಡಿಸುವ ಕ್ರಮವೂ ಇಲ್ಲ. ಜನನ-ಮರಣಗಳ ಸೂತಕವನ್ನೂ ಸ್ತ್ರೀಯರ ಮುಟ್ಟಿನ ಮೈಲಿಗೆಯನ್ನೂ ಸಿಖ್ ಬೋಧನೆ ಒಪ್ಪುವುದಿಲ್ಲವಾದ್ದರಿಂದ ಆ ಕಾರಣಕ್ಕೆ ಯಾರೂ ಹೊರಗುಳಿಯಬೇಕಿಲ್ಲ.

ಕರ್ನಾಟಕದಲ್ಲಿ

ಗುರು ನಾನಕರು ಹದಿನಾರನೆಯ ಶತಮಾನದ ಆದಿಭಾಗದಲ್ಲಿ ದಕ್ಷಿಣ ಭಾರತದ ಸಂಚಾರ ಕೈಗೊಂಡಾಗ ಬೀದರಿಗೆ ಬಂದರೆಂದು ಪ್ರತೀತಿ. ಕುಡಿಯುವ ನೀರಿಲ್ಲದೆ ಬಳಲುತ್ತಿದ್ದ ಜನರಿಗಾಗಿ ಅವರು ಗುಡ್ಡದ ಕಲ್ಲನ್ನು ಪಾದದಿಂದ ಸರಿಸಿದಾಗ ಸಿಹಿನೀರಿನ ಒರತೆ ಚಿಮ್ಮಿತೆಂದು ಹೇಳುತ್ತಾರೆ. ಆ ಒರತೆಯೇ 'ಝೀರಾ'. ಒರತೆಯ ಬಳಿ ಈಗಿರುವ ಗುರುದ್ವಾರವು 1948ರಲ್ಲಿ ನಿರ್ಮಾಣವಾಯಿತು. ಭಕ್ತರು ಈ ನೀರನ್ನು ಕುಡಿಯುವುದಲ್ಲದೆ ಪಾತ್ರೆಗಳಲ್ಲಿ ಮನೆಗೂ ಒಯ್ಯುತ್ತಾರೆ. ನಾಂದೇಡಿನ ಹಜೂರ್ ಸಾಹಿಬಿಗೆ ಬರುವ ಯಾತ್ರಿಕರಲ್ಲಿ ಅನೇಕರು ಇಲ್ಲಿಗೂ ಬರುತ್ತಾರೆ.

ಖಾಲ್ಸಾ ಪಂಥದೊಡನೆಯೂ ಬೀದರಿಗೆ ಸಂಬಂಧವಿದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋಬಿಂದ್ ಸಿಂಗ್ ಅವರ ಕರೆಗೆ ತಲೆಯೊಪ್ಪಿಸಲು ಮುಂದೆ ಬಂದ 'ಪಂಜ್ ಪ್ಯಾರೆ' ಎಂಬ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಅವರು ಕ್ಷೌರಿಕ ವೃತ್ತಿಯ ಕುಟುಂಬಕ್ಕೆ ಸೇರಿದವರೆಂದು ಪರಂಪರೆ ಹೇಳುತ್ತದೆ. ಬೇರೆ ಬೇರೆ ಜಾತಿಗಳ ಆ ಐವರೂ ಒಂದೇ ಪಾತ್ರೆಯ ಅಮೃತವನ್ನು ಸೇವಿಸಿದರು.

ಹನ್ನೆರಡನೆಯ ಶತಮಾನದಲ್ಲಿ ಶರಣರು ದಾಸೋಹ ನಡೆಸಿದ ಬಸವಕಲ್ಯಾಣವೂ ಇದೇ ಜಿಲ್ಲೆಯಲ್ಲಿದೆ. ದಾಸೋಹ ಮತ್ತು ಲಂಗರುಗಳ ಮೂಲ ಬೇರೆಬೇರೆ. ಆದರೂ ದುಡಿಮೆಯ ಫಲವನ್ನು ಹಂಚಿ ಉಣ್ಣಬೇಕೆಂಬ ಆದರ್ಶ ಎರಡರಲ್ಲೂ ಕಾಣುತ್ತದೆ. ದಾಸೋಹದ ಪರಿಚಯವಿರುವ ಕನ್ನಡಿಗರಿಗೆ ಲಂಗರಿನ ಆಶಯ ಸುಲಭವಾಗಿ ಅರ್ಥವಾಗುತ್ತದೆ.

ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಗುರುದ್ವಾರವು ರಾಜಧಾನಿಯಲ್ಲಿರುವ ಸಿಖ್ಖರ ಪ್ರಮುಖ ಕೇಂದ್ರವಾಗಿದೆ.

ಪ್ರಾದೇಶಿಕ ವ್ಯತ್ಯಾಸಗಳು

ಮೂಲ ಮರ್ಯಾದೆಗಳು ಎಲ್ಲೆಡೆ ಒಂದೇ ಆಗಿದ್ದರೂ ಸ್ಥಳೀಯ ರೂಢಿಗಳಲ್ಲಿ ಅಂತರವಿರುತ್ತದೆ. ದೀಪಗಳನ್ನಿರಿಸಿ ಆರತಿ ಮಾಡುವುದನ್ನು ರಹತ್ ಮರ್ಯಾದಾ ಒಪ್ಪದಿದ್ದರೂ ನಾಂದೇಡಿನ ಹಜೂರ್ ಸಾಹಿಬಿನಲ್ಲಿ ಆ ಸಂಪ್ರದಾಯ ಹಳೆಯ ಕಾಲದಿಂದ ನಡೆದುಬಂದಿದೆ. ಸಂದೇಹ ಬಂದಾಗ ಅಲ್ಲಿನ ಸೇವಕರನ್ನು ಕೇಳುವುದು ಸೂಕ್ತ. ಅವರನ್ನು 'ಸೇವಾದಾರ್' ಎನ್ನುತ್ತಾರೆ. ಭಾಷೆ ಬಾರದಿದ್ದರೆ ಮುಂದೆ ಕುಳಿತವರು ಮಾಡಿದಂತೆ ಮಾಡಿದರೂ ಆಗುತ್ತದೆ. ಗೊತ್ತಿಲ್ಲದೆ ತಲೆವಸ್ತ್ರ ಜಾರಿದರೆ ಅಥವಾ ಕಾಲು ಚಾಚಿದರೆ ಸಾಮಾನ್ಯವಾಗಿ ಮೆಲುದನಿಯಲ್ಲಿ ತಿಳಿಸುತ್ತಾರೆ. ಸರಿಪಡಿಸಿಕೊಂಡರೆ ಸಾಕು, ಅದಕ್ಕೆ ದಂಡವಾಗಲಿ ಪ್ರಾಯಶ್ಚಿತ್ತವಾಗಲಿ ಇರುವುದಿಲ್ಲ.