ಹುಡುಕಿದವರಿಗೆ ಸಿಗದ ಊರು

ಸುಳ್ಯ ತಾಲೂಕಿನ ಸಂಪಾಜೆ, ಅರಂತೋಡು ಸುತ್ತಿನ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಾ ಬಂದಿದೆ. 1914ರಲ್ಲಿ ಕೇರಳದಲ್ಲಿ ಮೊದಲು ಗುರುತಿಸಲಾದ ಈ ರೋಗಕ್ಕೆ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಕಾರಣ ಎಂದು ಈಗ ಗೊತ್ತಾಗಿದೆ. ಗುಣಪಡಿಸುವ ಔಷಧ ಮಾತ್ರ ಇನ್ನೂ ಬಂದಿಲ್ಲ. ತೋಟ ಕಳೆದುಕೊಂಡವರು ತಾಳೆ, ಕಾಫಿ, ರಂಬುಟಾನ್ ಎಂದು ಬೇರೆ ಬೇರೆ ಬೆಳೆಗಳತ್ತ ಹೊರಳಿದ್ದಾರೆ. ಯಾವುದು ಕೈ ಹಿಡಿಯಿತು, ಯಾವುದು ಕೈ ಕೊಟ್ಟಿತು ಎಂಬ ಅನುಭವ ಊರಿನಲ್ಲೇ ಇದೆ. ಆದರೆ ತನ್ನ ತೋಟದ ನಾಲ್ಕು ಮರ ಹಳದಿಯಾದುದನ್ನು ಈಗಷ್ಟೇ ಕಂಡ ಕಡಬದ ಕೃಷಿಕರೊಬ್ಬರು ಫೋನ್ ತೆಗೆದು ಕನ್ನಡದಲ್ಲಿ ಹುಡುಕಿದರೆ ಆ ಅನುಭವ ಅವರ ಕಣ್ಣಿಗೆ ಬೀಳುತ್ತದೆಂಬ ಖಾತರಿಯಿಲ್ಲ. ಅದರಲ್ಲಿ ಬಹಳಷ್ಟು ವಾಟ್ಸ್ಆ್ಯಪ್ ಗುಂಪುಗಳ ಒಳಗೆ, ಫೇಸ್‌ಬುಕ್ ಪುಟಗಳ ಆಳದಲ್ಲಿ, ಹೆಸರಿಲ್ಲದ ವಿಡಿಯೊಗಳ ನಡುವೆ ಹೂತುಹೋಗಿದೆ. ಇದಕ್ಕೆ ಗೂಗಲ್ ಕಂಪನಿಯನ್ನು ದೂರುವುದು ಸುಲಭ, ಮತ್ತು ದೂರಲು ಕಾರಣವೂ ಇದೆ. ಆದರೆ ಊರಿನ ತಿಳಿವಳಿಕೆಯನ್ನು ಬೇರೆಯವರ ಬೀಗದ ಕೋಣೆಯಲ್ಲಿಟ್ಟು, ಆಮೇಲೆ ಹುಡುಕಿದರೆ ಸಿಗುವುದಿಲ್ಲ ಎನ್ನುವುದರಲ್ಲಿ ನಮ್ಮ ಪಾಲೂ ದೊಡ್ಡದಿದೆ.

ಹುಡುಕಾಟದ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ನಾವು ಹುಡುಕುವ ಹೊತ್ತಿಗೆ ಗೂಗಲ್ ಲೋಕವನ್ನೆಲ್ಲ ಜಾಲಾಡುವುದಿಲ್ಲ. ಅದರ ತಂತ್ರಾಂಶ ಮೊದಲೇ ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಿಡಿದು ಸಾಗಿ, ಸಿಕ್ಕಿದ್ದನ್ನೆಲ್ಲ ಓದಿ, ಯಾವ ಪದ ಎಲ್ಲಿದೆ ಎಂದು ಸೂಚಿ ಮಾಡಿಟ್ಟಿರುತ್ತದೆ. ಕೊಂಡಿಯಿಲ್ಲದ ಪುಟವನ್ನು ಅದು ಸುಲಭವಾಗಿ ತಲುಪುವುದಿಲ್ಲ. ಲಾಗಿನ್ ಕೇಳುವ ಪುಟದೊಳಕ್ಕೆ ಹೋಗುವುದೇ ಇಲ್ಲ. ಸಿಕ್ಕ ಪುಟಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದಕ್ಕೆ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಕೊಟ್ಟ ಉತ್ತರ ಸರಳವಾಗಿತ್ತು: ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದು ಒಂದು ಮತ, ಹೆಚ್ಚು ಮತ ಬಿದ್ದ ಪುಟದ ಮತಕ್ಕೆ ಹೆಚ್ಚು ತೂಕ. ಇಂದು ಇದಕ್ಕೆ ಇನ್ನೆಷ್ಟೋ ಲೆಕ್ಕಗಳು ಸೇರಿವೆ. ಪುಟ ಎಷ್ಟು ಬೇಗ ತೆರೆಯುತ್ತದೆ, ಮೊಬೈಲಿಗೆ ಹೊಂದುತ್ತದೆಯೇ, ಹುಡುಕುವವರು ಎಲ್ಲಿದ್ದಾರೆ, ವಿಷಯ ಎಷ್ಟು ಹೊಸತು, ಹೀಗೆ. ಇವೆಲ್ಲ ಸತ್ಯದ ಸುಳಿವುಗಳಷ್ಟೇ, ಸತ್ಯದ ಅಳತೆಯಲ್ಲ. ರೋಗಕ್ಕೆ ರಾಮಬಾಣ ಎಂದು ಬಾಟಲಿ ಮಾರುವವನ ಪುಟ ಚೊಕ್ಕವಾಗಿದ್ದು, ಔಷಧ ಇಲ್ಲ ಎಂದು ಪ್ರಾಮಾಣಿಕವಾಗಿ ಹೇಳುವ ಸಂಶೋಧನಾ ಕೇಂದ್ರದ ಮಾಹಿತಿ ಇಂಗ್ಲಿಷಿನ ಪಿಡಿಎಫ್ ಒಳಗಿದ್ದರೆ, ಕನ್ನಡದಲ್ಲಿ ಹುಡುಕಿದವರಿಗೆ ಮೊದಲು ಕಾಣುವುದು ಬಾಟಲಿಯೇ.

ಈ ಲೆಕ್ಕದಲ್ಲಿ ಪುತ್ತೂರು, ಸುಳ್ಯ, ಕಡಬ ಎಂಬ ನಮ್ಮ ಮೂರು ತಾಲೂಕುಗಳಿಗೆ ಇರುವ ಆಸ್ತಿ ಸಣ್ಣದಲ್ಲ. ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಕಡಬದ ಕಿದುವಿನಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಅದೇ ಸಂಸ್ಥೆಯ ವಿಟ್ಲದ ಕೇಂದ್ರವೂ ದೂರವಲ್ಲ. ಕೃಷಿಕರ ಕೈಗೆ ಲೇಖನಿ ಕೊಡುವ ಛಲದಿಂದ 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ, ಶ್ರೀ ಪಡ್ರೆಯವರ ಸಂಪಾದಕತ್ವದ ‘ಅಡಿಕೆ ಪತ್ರಿಕೆ’ ಬೆಳೆಗಾರರಿಂದಲೇ ಬರೆಸಿ ಬೆಳೆದಿದೆ. ‘ಸುದ್ದಿ ಬಿಡುಗಡೆ’ ಪುತ್ತೂರಿಗೊಂದು, ಸುಳ್ಯಕ್ಕೊಂದು ಎಂದು ತಾಲೂಕಿನ ಹೆಸರಲ್ಲೇ ಜಾಲತಾಣ ನಡೆಸುತ್ತಿದೆ. ಗ್ರಾಮದ ಸಣ್ಣ ಸುದ್ದಿಯೂ ಯಾರ ಅಪ್ಪಣೆಯಿಲ್ಲದೆ ಓದಲು ಸಿಗುವುದು ಎಷ್ಟು ದೊಡ್ಡ ಸಂಗತಿ ಎಂದು ನಾವು ಸಾಕಷ್ಟು ಗುರುತಿಸಿಲ್ಲ. ಇನ್ನೊಂದು ಕಡೆ, ಅಡಿಕೆಯ ದಿನದ ಧಾರಣೆ, ಚಾಲಿ ಎಷ್ಟು, ಪಟೋರ ಎಷ್ಟು, ಕರಿಗೋಟು ಎಷ್ಟು ಎಂಬುದು ಒಂದು ಚಿತ್ರವಾಗಿ ಗುಂಪಿನಿಂದ ಗುಂಪಿಗೆ ಹಾರಿ ಮರುದಿನ ಮಾಯ. ದಶಕಗಳಿಂದ ಮಳೆ ಅಳೆದು ಬರೆದಿಡುವ ಕೃಷಿಕರು ಈ ಸೀಮೆಯಲ್ಲಿದ್ದಾರೆ. ಅಂಥ ದಾಖಲೆ ಗುಂಪಿಗೆ ಹೋದರೆ ಅದರ ಗತಿಯೂ ಇದೇ. ಹಳೆಯ ಸ್ಮರಣ ಸಂಚಿಕೆಗಳು, ಸಂಘಗಳ ವರದಿಗಳು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲೇ ಉಳಿದಿವೆ. ಪರದೆಯ ಮೇಲೆ ಅವು ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಯುನಿಕೋಡಿಗೆ ಬದಲಾಗುವವರೆಗೆ ಹುಡುಕುವ ಯಂತ್ರಕ್ಕೆ ಅದು ಕನ್ನಡವೇ ಅಲ್ಲ.

ವಾಟ್ಸ್ಆ್ಯಪ್ ಗುಂಪು ಹುಡುಕಾಟಕ್ಕೆ ಸಿಗದಿರುವುದು ಅದರ ದೋಷವೆಂದು ನಾನು ಹೇಳುವುದಿಲ್ಲ. ಖಾಸಗಿ ಮಾತು ಖಾಸಗಿಯಾಗಿಯೇ ಇರಬೇಕು. ತೊಂದರೆ ಇರುವುದು ಸಾರ್ವಜನಿಕ ಮಾತಿಗೂ ಅದೊಂದೇ ಮನೆಯಾದಾಗ. ಬಾಗಿಲು ಯಾರಿಗೆ ತೆರೆಯಬೇಕು ಎಂಬ ತೀರ್ಮಾನ ಆಗ ಕಂಪನಿಯ ಕೈಗೆ ಹೋಗುತ್ತದೆ. ರೆಡ್ಡಿಟ್ ಎಂಬ ಚರ್ಚಾತಾಣ 2024ರಲ್ಲಿ ಗೂಗಲ್ ಜೊತೆ ಹಣದ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷದ ಮಧ್ಯದಲ್ಲಿ ಒಪ್ಪಂದವಿಲ್ಲದ ಬೇರೆ ಹುಡುಕಾಟ ಯಂತ್ರಗಳಿಗೆ ಅದರ ಹೊಸ ಪುಟಗಳು ಸಿಗದಂತಾದವು. ಬರೆದವರು ಸಾಮಾನ್ಯ ಜನ, ಮಾರಿಕೊಂಡದ್ದು ಕಂಪನಿ.

ಪಟ್ಟಿ ಮಾಡುವವನೇ ವ್ಯಾಪಾರಿಯೂ ಆದರೆ ಏನಾಗುತ್ತದೆ ಎಂಬುದನ್ನು ಅಡಿಕೆ ಬೆಳೆಗಾರರಿಗೆ ಯಾರೂ ವಿವರಿಸಬೇಕಿಲ್ಲ. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ, ಕೊಳ್ಳುವವರು ಹೇಳಿದ್ದೇ ಬೆಲೆ ಎಂಬ ಸ್ಥಿತಿಯಿಂದ ಪಾರಾಗಲು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಬೆಲೆಯನ್ನು ಬಹಿರಂಗವಾಗಿ ಹೇಳುವ, ಬೆಳೆಗಾರರದ್ದೇ ಆದ ಇನ್ನೊಬ್ಬ ಖರೀದಿದಾರ ಬಂದದ್ದೇ ದೊಡ್ಡ ಬದಲಾವಣೆ. ಗೂಗಲ್ ಇಂದು ಹುಡುಕಾಟದ ಫಲಿತಾಂಶಗಳ ಪಟ್ಟಿಯನ್ನೂ ಮಾಡುತ್ತದೆ, ಯೂಟ್ಯೂಬನ್ನೂ ನಡೆಸುತ್ತದೆ, ಪಟ್ಟಿಯ ಮೇಲಿನ ಜಾಗವನ್ನು ಜಾಹೀರಾತಿಗೂ ಮಾರುತ್ತದೆ. ಭಾರತದ ಸ್ಪರ್ಧಾ ಆಯೋಗ 2018ರ ಫೆಬ್ರವರಿಯಲ್ಲಿ ಇದನ್ನೇ ಪರಿಶೀಲಿಸಿ, ವಿಮಾನ ಪ್ರಯಾಣದ ಹುಡುಕಾಟದಲ್ಲಿ ಗೂಗಲ್ ತನ್ನದೇ ಸೇವೆಗೆ ಎದ್ದು ಕಾಣುವ ಜಾಗ ಕೊಟ್ಟದ್ದು ಸೇರಿದಂತೆ ಪಕ್ಷಪಾತವನ್ನು ಗುರುತಿಸಿ 135.86 ಕೋಟಿ ರೂಪಾಯಿ ದಂಡ ಹಾಕಿತು; ಕಂಪನಿ ಮೇಲ್ಮನವಿ ಹೋಯಿತು. ಜಾಹೀರಾತಿನ ಹಣದಿಂದ ನಡೆಯುವ ಹುಡುಕಾಟ ಯಂತ್ರ ಬಳಕೆದಾರರಿಗಿಂತ ಜಾಹೀರಾತುದಾರರ ಕಡೆಗೆ ವಾಲುತ್ತದೆ ಎಂದು ಪೇಜ್ ಮತ್ತು ಬ್ರಿನ್ ತಮ್ಮ 1998ರ ಪ್ರಬಂಧದಲ್ಲೇ ಎಚ್ಚರಿಸಿದ್ದರು. ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನದ ಸೇವೆಯನ್ನೋ ವಸತಿಯನ್ನೋ ಹುಡುಕುವ ಪರವೂರಿನ ಭಕ್ತರು ಈ ಮಾತನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು: ಮೇಲೆ ಕಂಡದ್ದೆಲ್ಲ ದೇವಸ್ಥಾನದ್ದಾಗಿರಬೇಕಿಲ್ಲ, ‘ಪ್ರಾಯೋಜಿತ’ ಎಂದಿದ್ದರೆ ಅದು ಹಣ ಕೊಟ್ಟು ಪಡೆದ ಜಾಗ.

ಜನ ಇರುವುದು ವಾಟ್ಸ್ಆ್ಯಪಿನಲ್ಲಿ, ಜಾಲತಾಣಕ್ಕೆ ಬರುವವರು ಯಾರು ಎಂಬ ಆಕ್ಷೇಪ ತೂಕದ್ದೇ. ಇವತ್ತಿನ ಸುದ್ದಿ ಇವತ್ತೇ ಮುಟ್ಟಲು ಗುಂಪಿನಷ್ಟು ಒಳ್ಳೆಯ ದಾರಿ ಬೇರಿಲ್ಲ. ಆದರೆ ಒಂದು ಗುಂಪಿಗೆ 1024 ಜನರ ಮಿತಿಯಿದೆ, ನಾಳೆ ಸೇರುವವರಿಗೆ ನಿನ್ನೆಯ ಮಾತು ಸಾಮಾನ್ಯವಾಗಿ ಸಿಗುವುದಿಲ್ಲ. ರೋಗ ಮುಂದಿನ ವರ್ಷ ಬರುವ ತೋಟದವರಿಗೆ ಈ ವರ್ಷದ ಚರ್ಚೆ ಬೇಕು. ಪುಟವನ್ನು ತೆರೆದ ಜಾಲದಲ್ಲಿಟ್ಟು ಅದರ ಕೊಂಡಿಯನ್ನು ಗುಂಪಿಗೆ ಕಳಿಸಿದರೆ ಎರಡೂ ಕೆಲಸ ಆಗುತ್ತದೆ. ಮೊಬೈಲ್ ಸಿಗ್ನಲ್ಲಿನ ಪ್ರಶ್ನೆಯೂ ಇದೆ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕ್ಕದಲ್ಲಿ, ಸುರಿವ ಮಳೆಗೆ ಅಪ್ಪ ಕೊಡೆ ಹಿಡಿದು ನಿಂತು ಮಗಳು ರಸ್ತೆ ಬದಿಯಲ್ಲಿ ಆನ್‌ಲೈನ್ ಪಾಠ ಕೇಳುತ್ತಿದ್ದ ಚಿತ್ರ ದೇಶವೆಲ್ಲ ಓಡಾಡಿತು. ಅಂಥ ಜಾಗದಲ್ಲಿ ವಿಡಿಯೊ ಸುತ್ತುತ್ತಲೇ ಇರುತ್ತದೆ. ಬರೀ ಅಕ್ಷರದ ಪುಟ ತೆರೆದುಕೊಳ್ಳುತ್ತದೆ.

ಬಡವರಿಗೆ ಕೆಲವೇ ತಾಣಗಳಾದರೂ ಉಚಿತವಾಗಿ ಸಿಗಲಿ ಎಂದು ಫೇಸ್‌ಬುಕ್ ‘ಫ್ರೀ ಬೇಸಿಕ್ಸ್’ ತಂದಾಗಲೂ ವಾದ ‘ಜನ ಇರುವುದು ವಾಟ್ಸ್ಆ್ಯಪಿನಲ್ಲಿ’ ಎಂಬ ಮಾತಿನಷ್ಟೇ ಹಿತವಾಗಿ ಕೇಳಿಸಿತ್ತು. ಯಾವ ತಾಣ ಉಚಿತ ಎಂದು ಕಂಪನಿ ಆರಿಸುವುದಾದರೆ ಉಳಿದವು ತಾವಾಗಿಯೇ ದೂರವಾಗುತ್ತವೆ ಎಂಬ ಕಾರಣಕ್ಕೆ ಲಕ್ಷಾಂತರ ಜನ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೆ ಬರೆದರು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಕೂಡ ಇಂಥದೇ ಏರ್‌ಟೆಲ್ ಯೋಜನೆಯಿಂದ 2015ರ ಏಪ್ರಿಲ್‌ನಲ್ಲಿ ಹಿಂದೆ ಸರಿಯಿತು. 2016ರ ಫೆಬ್ರವರಿ 8ರಂದು ಪ್ರಾಧಿಕಾರ ತಾಣಕ್ಕೊಂದು ದರವನ್ನು ನಿಷೇಧಿಸಿತು. ತಾಲೂಕು ಮಟ್ಟದ ಸುದ್ದಿತಾಣವೊಂದು ದೊಡ್ಡ ಕಂಪನಿಗಳ ತಾಣಗಳಷ್ಟೇ ಖರ್ಚಿನಲ್ಲಿ ತೆರೆದುಕೊಳ್ಳಬೇಕು ಎಂಬುದಕ್ಕೆ ಇಂದು ಇರುವ ರಕ್ಷಣೆ ಅದು.

ಇನ್ನೂ ಕಠಿಣವಾದ ಆಕ್ಷೇಪ ಬರೆಯುವವರ ಹೊಟ್ಟೆಪಾಡಿನದು. ತೆರೆದಿಟ್ಟರೆ ಗೂಗಲ್ ಓದಿ, ಕೃತಕ ಬುದ್ಧಿಮತ್ತೆಯಿಂದ ಸಾರಾಂಶ ಮಾಡಿ ಕೊಡುತ್ತದೆ. ಓದುಗ ಮೂಲ ಪುಟಕ್ಕೆ ಬರುವುದೇ ಇಲ್ಲ. ಪತ್ರಿಕೆ ಬದುಕುವುದು ಹೇಗೆ? ಇದಕ್ಕೆ ನನ್ನ ಬಳಿ ಪೂರ್ಣ ಉತ್ತರ ಇಲ್ಲ. ಚಂದಾದಾರರಿಂದ ನಡೆಯುವ ಪತ್ರಿಕೆ ತನ್ನ ಹೊಸ ಬರಹವನ್ನು ಚಂದಾದಾರರಿಗೇ ಇಟ್ಟುಕೊಂಡರೆ ಅದು ನ್ಯಾಯ. ಸುದ್ದಿ ಪ್ರಕಾಶಕರ ದೂರಿನ ಮೇಲೆ 2022ರ ಜನವರಿಯಲ್ಲಿ ಸ್ಪರ್ಧಾ ಆಯೋಗ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತು. ದೂರು ಕೊಟ್ಟದ್ದು ದೊಡ್ಡ ಮಾಧ್ಯಮ ಸಂಸ್ಥೆಗಳ ಒಕ್ಕೂಟ, ತಾಲೂಕಿನ ಪತ್ರಿಕೆಯ ದನಿ ಅಲ್ಲಿ ಕೇಳಿಸಬೇಕಾದ ಅಗತ್ಯ ಬೇರೆಯೇ ಇದೆ. ಆದರೆ ಸಾರ್ವಜನಿಕ ಹಣದಲ್ಲಿ ನಡೆಯುವ ಸಂಸ್ಥೆಗಳಿಗೆ, ಸದಸ್ಯರ ಹಣದಲ್ಲಿ ನಡೆಯುವ ಸೊಸೈಟಿಗಳಿಗೆ ಈ ಆತಂಕ ಅನ್ವಯಿಸುವುದಿಲ್ಲ. ಗೇರು ತಳಿಯ ಮಾಹಿತಿ, ಹಳದಿ ಎಲೆ ರೋಗದ ಸಲಹೆ, ಪಂಚಾಯತಿನ ಸಭೆಯ ನಿರ್ಣಯ ಎಷ್ಟು ಜನ ನಕಲು ಮಾಡಿದರೂ ನಷ್ಟವಿಲ್ಲ.

ಆದ್ದರಿಂದ ಕೇಳಬೇಕಾದ್ದನ್ನು ಹೆಸರು ಹಿಡಿದೇ ಕೇಳಬಹುದು. ಕಿದು, ವಿಟ್ಲ, ಪುತ್ತೂರಿನ ಕೇಂದ್ರಗಳು ಪ್ರತಿ ರೋಗಕ್ಕೆ, ಪ್ರತಿ ತಳಿಗೆ ಯುನಿಕೋಡ್ ಕನ್ನಡದಲ್ಲಿ ಒಂದೊಂದು ಸಾದಾ ಪುಟ ಇಡಲಿ, ತಿದ್ದಿದ ದಿನಾಂಕ ಹಾಕಲಿ. ಕ್ಯಾಂಪ್ಕೊ ದಿನದ ಧಾರಣೆಯ ಜೊತೆ ಹಿಂದಿನ ವರ್ಷಗಳ ಧಾರಣೆಯನ್ನೂ ಹುಡುಕಲು ಬರುವಂತೆ ಪಟ್ಟಿ ಮಾಡಿ ತೆರೆದಿಡಲಿ. ಮಳೆ ಲೆಕ್ಕ ಇಟ್ಟವರ ಪುಸ್ತಕಗಳನ್ನು ಅವರ ಒಪ್ಪಿಗೆ ಪಡೆದು ಇಲ್ಲಿನ ಕಾಲೇಜುಗಳ ವಿದ್ಯಾರ್ಥಿಗಳು ಟೈಪ್ ಮಾಡಿ ಏರಿಸಲಿ. ಇವರೆಲ್ಲ ಒಬ್ಬರ ಪುಟಕ್ಕೆ ಇನ್ನೊಬ್ಬರು ಕೊಂಡಿ ಕೊಡಲಿ. ಸುಳ್ಯದ ಸುದ್ದಿತಾಣವೊಂದು ರೋಗದ ಸುದ್ದಿ ಬರೆದಾಗ ವಿಟ್ಲದ ಪುಟಕ್ಕೆ ಕೊಡುವ ಆ ಒಂದು ಕೊಂಡಿಗೆ ಖರ್ಚಿಲ್ಲ. ಹುಡುಕುವ ಯಂತ್ರ ಎಣಿಸುವ ಮತಗಳಲ್ಲಿ ಅದೂ ಒಂದು, ಮತ್ತು ಅದನ್ನು ಹಾಕುವ ಹಕ್ಕು ನಮ್ಮ ಕೈಯಲ್ಲೇ ಇದೆ.