ನಡುವೆ ಸೇರುವ ಮಗಳು

ಪ್ರತಿ ವರ್ಷ ಪರೀಕ್ಷೆಗಳ ಫಲಿತಾಂಶ ಬಂದೊಡನೆ ನಮ್ಮ ಸಮಾಜದ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ದೂರದ ಕಾಲೇಜಿಗೂ ವಿದ್ಯಾರ್ಥಿನಿ ನಿಲಯಕ್ಕೂ ಸೇರಿಸುವ ಓಡಾಟ ಆರಂಭವಾಗುತ್ತದೆ. ಮೊದಲ ವರ್ಷಕ್ಕೆ ಸೇರುವವರ ಕಷ್ಟಸುಖ ಎಲ್ಲರಿಗೂ ತಿಳಿದದ್ದೇ. ಡಿಪ್ಲೊಮಾ ಮುಗಿಸಿ ನೇರವಾಗಿ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಹೋಗುವ ಹುಡುಗಿಯ ಪಾಡೇ ಬೇರೆ. 2022ರಲ್ಲಿ ನಾವು ಅದನ್ನು ಅನುಭವಿಸಿದೆವು. ಈ ವರ್ಷ ಮಗಳನ್ನು ಹಾಗೆ ಕಳುಹಿಸಲಿರುವ ತಾಯಿತಂದೆಯರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ನಮ್ಮದು ಆದೋನಿ ಸಮೀಪದ ಪೆದ್ದಹರಿವಾಣಂ. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಒಡೆದಾಗ ಸಿರುಗುಪ್ಪ ಮೈಸೂರಿಗೆ ಸೇರಿತು; ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ನಮ್ಮ ಮಗಳು ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡದಲ್ಲಿ. ಪಾಲಿಟೆಕ್ನಿಕ್ಕಿನಲ್ಲಿ ಗೆಳತಿಯರು ಅವಳನ್ನು 'ಕನ್ನಡಂ ಅಮ್ಮಾಯಿ' ಎಂದು ಕರೆದರು. ಬೆಂಗಳೂರಿಗೆ ಹೋದ ಮೇಲೆ ಅವಳ ಕನ್ನಡ ಕೇಳಿ "ನೀನು ತೆಲುಗಿನವಳಾ?" ಎಂದರು. ಎರಡೂ ಕಡೆ ಹೊರಗಿನವಳು!

ಕಾಗದಪತ್ರಗಳ ಸಿದ್ಧತೆಯಲ್ಲಿ ನಾವು ಕೊರತೆ ಮಾಡಲಿಲ್ಲ. ವರ್ಗಾವಣೆ ಪತ್ರ, ಡಿಪ್ಲೊಮಾದ ಎಲ್ಲ ಅಂಕಪಟ್ಟಿ, ಮೈಗ್ರೇಷನ್ ಪ್ರಮಾಣಪತ್ರ, ಎಲ್ಲಕ್ಕೂ ನಾಲ್ಕು ನಾಲ್ಕು ಜೆರಾಕ್ಸ್. ಯು.ಜಿ.ಸಿ.ಯ 2009ರ ನಿಯಮದಂತೆ ರ‍್ಯಾಗಿಂಗ್ ವಿರುದ್ಧ ಮಗಳೂ ನಾವೂ ಬರೆದುಕೊಟ್ಟ ಮುಚ್ಚಳಿಕೆ. (ಪಿ.ಯು.ಸಿ. ನಂತರ ಸಿ.ಇ.ಟಿ. ಬರೆಯುವ ನಮ್ಮ ಕಡೆಯ ಮಕ್ಕಳು 'ಗಡಿನಾಡು ಕನ್ನಡಿಗ' ಎಂಬ ಕಲಮನ್ನು ಮರೆಯಬಾರದು. ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ತಾಲ್ಲೂಕುಗಳು ಅದರಲ್ಲಿ ಸೇರಿವೆ. ಕನ್ನಡ ಭಾಷಾ ಪರೀಕ್ಷೆ ಬರೆಯಬೇಕಾಗುತ್ತದೆ.) ಸಮಾಜದ ವಿದ್ಯಾರ್ಥಿನಿ ನಿಲಯಕ್ಕೆ ಹಿರಿಯರೊಬ್ಬರ ಶಿಫಾರಸು ಪತ್ರ ತಂದೆವು. ಸಂದರ್ಶನದಲ್ಲಿ ಣಮೋಕಾರ ಮಂತ್ರ ಹೇಳಿಸಿದರು, ರಾತ್ರಿಭೋಜನ ತ್ಯಾಗದ ಬಗ್ಗೆ ಕೇಳಿದರು. ಮಗಳು ಸಲೀಸಾಗಿ ಉತ್ತರಿಸಿದಳು. ಹೊರಡುವ ಮುನ್ನ ಪೆದ್ದತುಂಬಳಂ ಪಾರ್ಶ್ವಮಣಿ ತೀರ್ಥಕ್ಕೆ ಹೋಗಿ ದರ್ಶನ ಮಾಡಿ ಬಂದೆವು. ಎಲ್ಲ ಮುಗಿಯಿತೆಂದೇ ತಿಳಿದೆವು.

ಎರಡನೆಯ ಸಂದರ್ಶನವೊಂದಿದೆ ಎಂಬುದು ನಮಗೆ ಹೊಳೆದಿರಲಿಲ್ಲ. ಅದನ್ನು ನಡೆಸುವವರು ಮಂಡಳಿಯವರಲ್ಲ, ಒಳಗಿರುವ ಹುಡುಗಿಯರು. ಅದಕ್ಕೆ ದಿನಾಂಕವಿಲ್ಲ, ಫಲಿತಾಂಶವನ್ನು ಹಲಗೆಗೆ ಹಚ್ಚುವುದೂ ಇಲ್ಲ. ಒಂದು ವರ್ಷ ಜೊತೆಗಿದ್ದವರು ಊಟದ ಮನೆಯಲ್ಲಿ ಯಾರ ಪಕ್ಕ ಯಾರೆಂದು ಆಗಲೇ ಗೊತ್ತುಮಾಡಿಕೊಂಡಿದ್ದರು. ಮೂರನೆಯ ವಾರ ಫೋನು ಬಂತು. "ಅವ್ವಾ, ಇಲ್ಲಿ ಎಲ್ಲಾರಿಗೂ ಜೋಡಿ ಅದಾರ. ನಾ ಒಬ್ಬಾಕೀನ ಉಳಿದೀನಿ. ವಾಪಸ್ ಬರ್ತೀನಿ." ಕಾಲೇಜಿನಲ್ಲೂ ಸುಲಭವಿರಲಿಲ್ಲ. ಹೀಗೆ ನಡುವೆ ಸೇರಿದವರು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮದಂತೆ ಹೆಚ್ಚುವರಿ ಗಣಿತವನ್ನೂ ಪಾಸಾಗಬೇಕಿತ್ತು.

ನಾವು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇವೆ. "ಎಲ್ಲರ ಜೊತೆ ಹೊಂದಿಕೊಂಡು ಹೋಗಮ್ಮ" ಎಂದು ಬುದ್ಧಿ ಹೇಳಿ, ಹಂಚಲೆಂದು ಒಂದು ಡಬ್ಬಿ ಶೇಂಗಾ ಹೋಳಿಗೆ ಕಳುಹಿಸಿದೆವು. ಹುಡುಗಿಯರು ತಿಂದರು, ಚೆನ್ನಾಗಿದೆ ಎಂದರು, ತಮ್ಮ ತಮ್ಮ ಕೋಣೆಗೆ ಹೋದರು. ಮೆಚ್ಚಿಸಲು ಹೊರಟವಳಿಗೆ ಮೆಚ್ಚುಗೆ ಸಿಕ್ಕಿತೇ ಹೊರತು ಜೊತೆ ಸಿಗಲಿಲ್ಲ.

ಜೊತೆ ಸಿಕ್ಕಿದ್ದು ಹಸಿವಿನಿಂದ. ನವೆಂಬರಿನಲ್ಲಿ ಬೆಂಗಳೂರಿನ ಸೂರ್ಯ ಆರು ಗಂಟೆಗೆ ಮೊದಲೇ ಮುಳುಗುತ್ತಾನೆ. ಪ್ರಯೋಗಾಲಯ ಮುಗಿಸಿ, ಎರಡು ಬಸ್ಸು ಬದಲಿಸಿ ನಿಲಯ ಮುಟ್ಟುವಷ್ಟರಲ್ಲಿ ದೀಪ ಹತ್ತಿರುತ್ತಿತ್ತು. ವ್ರತ ಬಿಡಲು ಮನಸ್ಸಿಲ್ಲದೆ ವಾರಕ್ಕೆ ಮೂರು ದಿನ ಊಟ ಬಿಟ್ಟಳು. ಇದು ನಮಗೆ ತಿಳಿದದ್ದು ಆಮೇಲೆ. ತಿಳಿದಾಗ ಬಹಳ ನೊಂದೆವು. ಒಂದು ಸಂಜೆ ಮೆಟ್ಟಿಲ ಮೇಲೆ ಇನ್ನಿಬ್ಬರು ಕುಳಿತಿದ್ದರಂತೆ. ಅವರದೂ ಅದೇ ಕಥೆ. ಒಂದು ವರ್ಷದಿಂದ ಹಾಗೆಯೇ ನಡೆದಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಹೊಸಬಳಾದ ನಮ್ಮ ಮಗಳೇ ಮೇಲ್ವಿಚಾರಕಿಯವರ ಬಳಿ ಹೋಗಿ, ಬೆಳಿಗ್ಗೆಯೇ ಎರಡು ಡಬ್ಬಿ ಕಟ್ಟಿಕೊಡಬಹುದೇ, ಒಂದನ್ನು ಸಂಜೆ ಕಾಲೇಜಿನಲ್ಲೇ ಉಣ್ಣುತ್ತೇವೆ ಎಂದು ಕೇಳಿದಳು. ಅವರು ಒಪ್ಪಿದರು. ಅಂದಿನಿಂದ ಮೂವರೂ ಗ್ರಂಥಾಲಯದ ಹಿಂದಿನ ಕಟ್ಟೆಯ ಮೇಲೆ ಒಟ್ಟಿಗೆ ಉಣ್ಣತೊಡಗಿದರು. ಅವರಲ್ಲೊಬ್ಬಳು ಗಣಿತದಲ್ಲಿ ಚುರುಕಾಗಿದ್ದಳೆಂಬುದು ನಮ್ಮ ಪುಣ್ಯ.

ಇದೆಲ್ಲ ಮುಗಿದ ಮೇಲೆ ಅಮೆರಿಕದ ಟೆಕ್ಸಾಸಿನಲ್ಲಿರುವ ನೆಂಟರ ಮಗಳ ವಿಷಯ ಬಂತು. ಅವಳೂ ಎರಡು ವರ್ಷ ಸಣ್ಣ ಕಾಲೇಜಿನಲ್ಲಿ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಬದಲಾಯಿಸಿದವಳು. ಅಲ್ಲಿ 'ಸೊರೊರಿಟಿ' ಎಂಬ ಹುಡುಗಿಯರ ಸಂಘಗಳಿವೆ. ಅವುಗಳಲ್ಲಿ ಎರಡನೆಯ ಸಂದರ್ಶನವೇ ಬಹಿರಂಗವಾಗಿ ನಡೆಯುತ್ತದೆ. ಹಲವು ದಿನ ಮನೆಯಿಂದ ಮನೆಗೆ ಹೋಗಿ ಮಾತನಾಡಬೇಕು. ಅವರೂ ಆರಿಸುತ್ತಾರೆ, ಹುಡುಗಿಯೂ ಆರಿಸುತ್ತಾಳೆ. ಹಳೆಯ ಕಾಲೇಜಿನ ಅಂಕಗಳನ್ನು ತೋರಿಸಬೇಕಾಗುತ್ತದೆ. ಹೆಚ್ಚಿನವರು ಮೊದಲ ವರ್ಷದವರೇ ಆದ್ದರಿಂದ ಮೂರನೆಯ ವರ್ಷಕ್ಕೆ ಬಂದವಳು ತನಗೆ ಉಳಿದಿರುವ ಕಾಲ ಎಷ್ಟು, ಚಂದಾ ಎಷ್ಟು, ವಾರಕ್ಕೆ ಎಷ್ಟು ಗಂಟೆ ಕೊಡಬೇಕು ಎಂದು ಮೊದಲೇ ಕೇಳಿಕೊಳ್ಳಬೇಕು. ಭಾರತೀಯ ಮೂಲದ ಹುಡುಗಿಯರು ತಮ್ಮದೇ ಸಂಘಗಳನ್ನೂ ಕಟ್ಟಿದ್ದಾರೆ. ಹ್ಯೂಸ್ಟನ್ನಿನಲ್ಲಿ 1998ರಲ್ಲಿ ಆರಂಭವಾದ ಡೆಲ್ಟಾ ಫೈ ಒಮೇಗಾ ಅಂಥದ್ದು. ನೆಂಟರ ಹುಡುಗಿ ಹೋದ ಕಡೆಯಲ್ಲೆಲ್ಲ, "ನಾನು ಮದ್ಯ ಮುಟ್ಟುವುದಿಲ್ಲ, ಮಾಂಸ ತಿನ್ನುವುದಿಲ್ಲ, ಪರವಾಗಿಲ್ಲವೇ?" ಎಂದು ಮೊದಲ ಮಾತಿಗೇ ಕೇಳಿದಳಂತೆ. ಮುಖ ಸಣ್ಣದು ಮಾಡಿದವರ ಮನೆಗೆ ಮತ್ತೆ ಹೋಗಲಿಲ್ಲವಂತೆ. ಅವಳ ತಾಯಿ ಇದನ್ನು ಫೋನಿನಲ್ಲಿ ಹೇಳುವಾಗ ನಮ್ಮ ಮಗಳಿಗೂ ಹೀಗೆ ಕೇಳಲು ಕಲಿಸಿ ಕಳುಹಿಸಬೇಕಿತ್ತು ಅನ್ನಿಸಿತು. ಯಾವ ಬಸ್ಸು, ಊಟದ ವೇಳೆ ಎಷ್ಟು, ತಡವಾದರೆ ಏನು ವ್ಯವಸ್ಥೆ ಎಂದು ಸಂದರ್ಶನದ ದಿನವೇ ನಾವೂ ವಿಚಾರಿಸಬಹುದಿತ್ತು. ಸೀಟು ಸಿಕ್ಕರೆ ಸಾಕೆಂದು ಕೈಮುಗಿದು ಕುಳಿತಿದ್ದೆವು.

ಮಗಳು 2025ರಲ್ಲಿ ಪದವಿ ಮುಗಿಸಿದಳು. ಕಡೆಯ ವರ್ಷದಲ್ಲಿ ರಾಯದುರ್ಗದ ಹುಡುಗಿಯೊಬ್ಬಳು ಹೀಗೆಯೇ ನಡುವೆ ಬಂದು ಸೇರಿದಳಂತೆ. ಆ ಸಲ ಮಗಳು ನಮ್ಮಿಂದ ಹೋಳಿಗೆ ತರಿಸಲಿಲ್ಲ. "ಅವ್ವಾ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿ ಕಳಿಸು, ಕಟ್ಟಿ ಮ್ಯಾಲೆ ಈಗ ನಾಕು ಮಂದಿ ಅದೀವಿ" ಎಂದಳು.