ಮೈದಾನದ ನಡುವೆ ಒಬ್ಬ ಕೆಂಪಯ್ಯ

ಕೊಟ್ಟೂರಿನ ತೇರು ಸಾಗುವಾಗ ಎಲ್ಲರ ಕಣ್ಣು ಕಳಸದ ಮೇಲೆ, ಇಲ್ಲವೇ ಹಗ್ಗ ಹಿಡಿದವರ ಮೇಲೆ. ಗಾಲಿಯ ಪಕ್ಕ ಬಾಗಿ, ಸನ್ನೆ ಕೊಡುತ್ತ ಅಷ್ಟು ದೊಡ್ಡ ತೇರನ್ನು ದಾರಿಗೆ ಹಚ್ಚುವವರನ್ನು ನೋಡುವವರು ಕಡಿಮೆ. ಫುಟ್‌ಬಾಲ್‌ನಲ್ಲಿ ಆ ಕೆಲಸ ಹಾಫ್‌ಬ್ಯಾಕ್‌ನದು. ಈಗಿನವರು ಮಿಡ್‌ಫೀಲ್ಡರ್ ಅನ್ನುತ್ತಾರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಶಾಲೆಯ ಮೈದಾನವೆಂದರೆ ಕಬಡ್ಡಿ, ಖೋಖೋ, ವಾಲಿಬಾಲ್. ಫುಟ್‌ಬಾಲ್ ಹೆಚ್ಚಿನವರಿಗೆ ವಿಶ್ವಕಪ್ ಬಂದಾಗ ರಾತ್ರಿ ಎದ್ದು ಕೂತು ನೋಡುವ ಆಟ. ಬ್ರೆಜಿಲ್, ಅರ್ಜೆಂಟೀನಾದ ಗೋಲು ವೀರರ ಹೆಸರು ನಮ್ಮ ಹುಡುಗರಿಗೆ ಬಾಯಿಪಾಠ. ನಮ್ಮದೇ ನಾಡಿನ ಕೆಂಪಯ್ಯ ಮಾತ್ರ ಅವರಿಗೆ ಅಪರಿಚಿತ.

ಕೆಂಪಯ್ಯ ಹಳೆಯ ಮೈಸೂರು ರಾಜ್ಯ ತಂಡದ ಹಾಫ್‌ಬ್ಯಾಕ್. ಮುಂದೆ ಕೋಲ್ಕತ್ತದ ಮೋಹನ್ ಬಾಗಾನ್ ಕ್ಲಬ್‌ಗೂ ಆಡಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಅವರಿದ್ದರು. ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ ಭಾರತ ಸೆಮಿಫೈನಲ್ ಸೇರಿತು. ಏಷ್ಯಾದ ಯಾವ ದೇಶವೂ ಅಲ್ಲಿಯವರೆಗೆ ಅಷ್ಟು ದೂರ ಹೋಗಿರಲಿಲ್ಲ. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಕ್ಕೆ ಸೋತು, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಕ್ಕೂ ಮಣಿದು ನಾಲ್ಕನೇ ಸ್ಥಾನಕ್ಕೆ ನಿಂತಿತು. ಆಸ್ಟ್ರೇಲಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾ ಇಂದಿಗೂ ನೆನಪಿದ್ದಾರೆ, ಇರಲೇಬೇಕು. ಆದರೆ ಆ ಕಾಲದ ದಾಖಲೆಯಲ್ಲಿ ಗೋಲು ಹೊಡೆದವರಿಗೆ ಒಂದು ಕಲಂ ಇತ್ತು. ಎದುರಾಳಿಯಿಂದ ಚೆಂಡು ಕಿತ್ತುಕೊಂಡವರಿಗೆ, ಅದನ್ನು ಸರಿಯಾದ ಕಾಲಿಗೆ ದಾಟಿಸಿದವರಿಗೆ ಯಾವ ಕಲಮೂ ಇರಲಿಲ್ಲ.

ಹಾಫ್‌ಬ್ಯಾಕ್‌ಗೆ ಎರಡು ಕೆಲಸ. ಎದುರಾಳಿಯ ದಾಳಿ ಗೋಲಿನ ಹತ್ತಿರ ಬರುವ ಮೊದಲೇ ತಡೆಯಬೇಕು. ಚೆಂಡು ಸಿಕ್ಕ ಗಳಿಗೆಯಲ್ಲಿ ಮುಂದಿನವರಿಗೆ ದಾರಿ ಮಾಡಿಕೊಡಬೇಕು. ಹಳೆಯ ಪದ್ಧತಿಯಲ್ಲಿ ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಬ್ರೆಜಿಲ್ 1958ರಲ್ಲಿ ವಿಶ್ವಕಪ್ ಗೆದ್ದದ್ದು 4-2-4 ಎಂಬ ಬೇರೆ ಲೆಕ್ಕದಲ್ಲಿ. ಮೂವರು ಮಾಡುತ್ತಿದ್ದ ಕೆಲಸ ಇಬ್ಬರ ಹೆಗಲಿಗೆ ಬಿತ್ತು. ಆ ಇಬ್ಬರಲ್ಲಿ ಒಬ್ಬರು ದಿದಿ.

ದಿದಿ 1954, 1958, 1962, ಹೀಗೆ ಮೂರು ವಿಶ್ವಕಪ್ ಆಡಿದವರು. 1958ರ ಫೈನಲ್‌ನಲ್ಲಿ ಸ್ವೀಡನ್ ಮೊದಲ ಗೋಲು ಹೊಡೆದಾಗ ಬಲೆಯೊಳಗಿನ ಚೆಂಡನ್ನು ಕೈಗೆತ್ತಿಕೊಂಡು, ಒಂದಿಷ್ಟೂ ಅವಸರವಿಲ್ಲದೆ ಮೈದಾನದ ನಡುವಿನವರೆಗೆ ನಡೆದುಬಂದರು. ಗಾಬರಿಯಾಗಿದ್ದ ಜೊತೆಗಾರರಿಗೆ ಆ ನಡಿಗೆಯೇ ಧೈರ್ಯವಾಯಿತು. ಬ್ರೆಜಿಲ್ 5-2ರಿಂದ ಗೆದ್ದಿತು. ಆ ಪಂದ್ಯದಲ್ಲಿ ಎರಡು ಗೋಲು ಹೊಡೆದ 17ರ ಹುಡುಗ ಪೆಲೆ ಜಗತ್ಪ್ರಸಿದ್ಧನಾದ. ಟೂರ್ನಿಯ ಶ್ರೇಷ್ಠ ಆಟಗಾರನ ಗೌರವ ಮಾತ್ರ ದಿದಿಗೆ ಸಂದಿತು. ಸರಿಯಾದ ತೀರ್ಪು ಎಂದೇ ನನ್ನ ನಂಬಿಕೆ.

ಭಾರತಕ್ಕೂ ಆ 4-2-4 ಬಂತು. ತಂದವರು ಹೈದರಾಬಾದಿನ ಕೋಚ್ ಸೈಯದ್ ಅಬ್ದುಲ್ ರಹೀಂ. ಅವರೇ ಕಟ್ಟಿದ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿ ಕೆಂಪಯ್ಯ ಮತ್ತೆ ಇದ್ದರು. ಭಾರತ ಹಂಗೆರಿಗೆ 2-1ರಿಂದ ಸೋತಿತು, ಫ್ರಾನ್ಸ್ ಜೊತೆ 1-1 ಸಮ ಮಾಡಿತು. ಕೊನೆಗೆ ಎದುರಾದದ್ದು ದಕ್ಷಿಣ ಅಮೆರಿಕದ ಪೆರು, 3-1ರ ಸೋಲು. ಅದೇ ಪೆರುವನ್ನು ಹತ್ತು ವರ್ಷದ ಮೇಲೆ ವಿಶ್ವಕಪ್ ಕ್ವಾರ್ಟರ್‌ಫೈನಲ್‌ಗೆ ಕರೆದೊಯ್ದ ಕೋಚ್ ಯಾರು ಗೊತ್ತೇ? ದಿದಿ.

ಕೆಂಪಯ್ಯ ಒಂಟಿಯಾಗಿ ಬಂದವರಲ್ಲ. ಅವರಿಗಿಂತ ಮುಂಚೆ ಬೆಂಗಳೂರಿನ ಟಿ. ಷಣ್ಮುಗಂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಿದ್ದರು. ಅಲ್ಲಿ ಯುಗೊಸ್ಲಾವಿಯದ ಕೈಯಲ್ಲಿ 10-1ರಿಂದ ಸೋತ ಭಾರತದ ಆ ಒಂದು ಗೋಲು ಹೊಡೆದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಬರಿಗಾಲಲ್ಲಿ ಆಡಿ ಬೆಳೆದ ಪೀಳಿಗೆ ಅದು. ಮೈಸೂರು ತಂಡ 1946-47, 1952-53, 1967-68, 1968-69ರಲ್ಲಿ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ 54 ವರ್ಷಗಳ ಬರ. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿದ ಮೇಲೆಯೇ ಕಪ್ ಕರ್ನಾಟಕಕ್ಕೆ ಬಂದದ್ದು.

ಬೆಂಗಳೂರಿನ ಹಲಸೂರು ಬಳಿ ಗೌತಮಪುರ ಎಂಬ ಬಡಾವಣೆಯಿದೆ. ಜನ ಅದನ್ನು ಮಿನಿ ಬ್ರೆಜಿಲ್ ಎಂದೇ ಕರೆಯುತ್ತಾರೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಅಲ್ಲಿ ಪೆಲೆಯ ಪ್ರತಿಮೆಯೂ ಇದೆ. ದುಡಿದು ತಿನ್ನುವ ಜನ ತಮಗೆ ಬೇಕಾದವರನ್ನು ಹೀಗೆ ಒಟ್ಟಿಗೆ ನಿಲ್ಲಿಸಿಕೊಂಡಿರುವುದು ನನಗೆ ಬಹಳ ಇಷ್ಟ.

ಬೆಂಗಳೂರು ನಮಗೆ ದೂರವಿರಬಹುದು, ತೋರಣಗಲ್ಲು ದೂರವಲ್ಲ. ಅಲ್ಲಿನ ಉಕ್ಕಿನ ಕಾರ್ಖಾನೆಯ ವಿಜಯನಗರ ಟೌನ್‌ಶಿಪ್ಪಿನಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು. ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿಯನ್ನು ನಡೆಸುವುದೂ ಅಲ್ಲೇ. ಎಳೆಯ ಹುಡುಗರು ಅಲ್ಲೇ ಉಳಿದು, ಓದುತ್ತ ಆಡುತ್ತಾರೆ. ಹಡಗಲಿಯ ಹುಡುಗನೊಬ್ಬ ಅಲ್ಲಿಗೆ ಆಯ್ಕೆಯಾಗಬೇಕಾದರೆ ಅದಕ್ಕೂ ಮೊದಲು ಅವನ ಶಾಲೆಯಲ್ಲಿ ಒಂದು ಚೆಂಡಿರಬೇಕು, ಎರಡು ಗೋಲುಗಂಬ ಇರಬೇಕು, ಎಲ್ಲರೂ ಗೋಲು ಹೊಡೆಯಲು ಮುಂದೆ ಓಡುವಾಗ ಒಬ್ಬನನ್ನು ನಡುವೆ ನಿಲ್ಲಿಸಿ ತಲೆಯೆತ್ತಿ ಆಡು ಎಂದು ಕಲಿಸುವ ದೈಹಿಕ ಶಿಕ್ಷಕರಿರಬೇಕು. ಕೊಟ್ಟೂರು ಸೇರಿ ನಮ್ಮ ಸೀಮೆಯ ಐದೂ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಬರುವ ಕ್ರೀಡಾಕೂಟದ ಪಟ್ಟಿ ತಯಾರಾಗುವಾಗ ವಾಲಿಬಾಲ್ ಜೊತೆಗೆ ಫುಟ್‌ಬಾಲ್ ಹೆಸರನ್ನೂ ಬರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.